ಆಂಪ್ ಬ್ಯಾಟರಿ ತಿನ್ನಲ್ಲ, ರಿಮೋಟ್ ವೈರ್ ನೋಡಿ

ನಮಸ್ಕಾರ, ಬನ್ನಿ. ಚಿಕ್ಕಮಗಳೂರಿನಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಶೆಡ್ ಒಳಗೇ ಕೆಲಸ. ಡಿಕ್ಕಿಯಲ್ಲಿ ಕಾಣುತ್ತಿರುವ ಆ ಕಪ್ಪು ಡಬ್ಬಿಯೇ ಆಂಪ್, ಅಂದರೆ ಸ್ಟೀರಿಯೋ ಸದ್ದನ್ನು ಜೋರು ಮಾಡುವ ಆಂಪ್ಲಿಫೈಯರ್. ಅದರ ವೈರಿಂಗ್ ಪೂರ್ತಿ ಬಿಚ್ಚಿ ಇವತ್ತು ಹೊಸದಾಗಿ ಮಾಡುತ್ತೇನೆ. ಬ್ಯಾಟರಿಯ ಮೈನಸ್ ಮೊದಲೇ ತೆಗೆದಿಟ್ಟಿದ್ದೇನೆ.

ಹೋದ ವಾರ ಏನಾಯಿತು ಅಂತ ಹೇಳಿಬಿಡುತ್ತೇನೆ. ಅಮ್ಮನನ್ನು ಹಾಸನಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಶನಿವಾರ ಸಂಜೆ ಕಾರು ನಿಲ್ಲಿಸಿದ್ದು, ಸೋಮವಾರ ಬೆಳಗ್ಗೆ 6 ಗಂಟೆಗೆ ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಅಷ್ಟೇ. ಮೀಟರ್ ಇಟ್ಟರೆ 11.2 ವೋಲ್ಟ್. ಚೆನ್ನಾಗಿರುವ ಬ್ಯಾಟರಿ ಸುಮ್ನೆ ನಿಂತಾಗ 12.6 ಆಸುಪಾಸು ತೋರಿಸಬೇಕು. ತಳ್ಳೋಣ ಅಂದರೆ ಮಳೆ, ಅಂಗಳವೆಲ್ಲ ಕೆಸರು. ಕೊನೆಗೆ ಬಸ್ಸಿನಲ್ಲಿ ಹೋದೆವು. ಬೇಲೂರಿನವರೆಗೂ ಅಮ್ಮ ನಿಂತುಕೊಂಡೇ ಬಂದರು. ಮಂಡಿ ನೋವು ತೋರಿಸೋಕೆ ಹೊರಟವರು, ನಿಂತುಕೊಂಡು! ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಎಲ್ಲರೂ ಹೇಳಿದ್ದು ಒಂದೇ ಮಾತು, ಆಂಪ್ ಹಾಕಿಸಿದ್ಯಲ್ಲ, ಬ್ಯಾಟರಿ ಹೋಗೇ ಹೋಗುತ್ತೆ ಅಂತ. ನಾನು ಒಪ್ಪಲ್ಲ. ಇಲ್ನೋಡಿ, ಸ್ಟೀರಿಯೋ ಹಿಂದೆ. ಈ ಹಳದಿ ವೈರಿನಲ್ಲಿ ಕೀ ತೆಗೆದರೂ 12 ವೋಲ್ಟ್ ಇರುತ್ತದೆ. ನೀಲಿ ಮೇಲೆ ಬಿಳಿ ಗೆರೆ ಇರುವುದು ರಿಮೋಟ್ ವೈರ್. ಸ್ಟೀರಿಯೋ ಆನ್ ಆದಾಗ ಮಾತ್ರ ಇದರಲ್ಲಿ ಕರೆಂಟ್ ಬರುತ್ತದೆ, ಆಗ ಆಂಪ್ ಏಳುತ್ತದೆ. ಆಫ್ ಮಾಡಿದರೆ ಮಲಗುತ್ತದೆ. ಅಂಗಡಿಯಲ್ಲಿ ಆಂಪಿನ ರಿಮೋಟನ್ನು ಈ ಹಳದಿಗೇ ಸುತ್ತಿ ಟೇಪ್ ಹೊಡೆದಿದ್ದಾರೆ! ಹಗಲೂ ರಾತ್ರಿ ಆಂಪ್ ಎದ್ದೇ ಇತ್ತು. ಹಾಡಿಲ್ಲದಿದ್ದರೂ 0.9 ಆಂಪಿಯರ್ ಎಳೆಯುತ್ತಿತ್ತು, ನಾನೇ ಅಳೆದೆ. 36 ಗಂಟೆಗೆ ಲೆಕ್ಕ ಹಾಕಿ, 32 ಆಂಪಿಯರ್ ಅವರ್ ದಾಟುತ್ತದೆ. ನನ್ನ ಬ್ಯಾಟರಿ ಪೂರ್ತಿ ತುಂಬಿದ್ದರೂ ಅದರಲ್ಲಿರುವುದೇ 35. ಇನ್ನೇನು ಉಳಿಯುತ್ತದೆ ಹೇಳಿ? ರಿಮೋಟನ್ನು ನೀಲಿ ವೈರಿಗೆ ಸೇರಿಸುವುದು ಎರಡು ನಿಮಿಷದ ಕೆಲಸ. ಸ್ಟೀರಿಯೋ ಹಿಂದೆ ಕೈ ಹಾಕಿ ಸರಿಯಾದ ವೈರ್ ಹುಡುಕೋಕೆ ಬೇಜಾರು ಅಂತ ಹೀಗೆ ಮಾಡಿದರೆ, ಅನುಭವಿಸುವವರು ಬೇರೆಯವರು.

ಕಂಪನಿ ಸ್ಟೀರಿಯೋ ಇರುವವರಿಗೆ ಈ ನೀಲಿ ವೈರ್ ಸಿಗದೇ ಇರಬಹುದು. ಆಗ ಫ್ಯೂಸ್ ಬಾಕ್ಸಿನಲ್ಲಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ತೆಗೆದುಕೊಳ್ಳಿ.

ಪವರ್ ಕೇಬಲ್ ಕೂಡ ಬದಲಾಯಿಸುತ್ತಿದ್ದೇನೆ. ಹಳೆಯದನ್ನು ಕತ್ತರಿಸಿದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅಲ್ವಾ? ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಸೈಜ್ ಒಂದೇ ಆದರೂ ಪೂರ್ತಿ ತಾಮ್ರದಷ್ಟು ಕರೆಂಟ್ ಇದು ಒಯ್ಯಲ್ಲ. ಇಂಥದ್ದನ್ನು ಅದೇ ಸೈಜಿನಲ್ಲಿ ಹಾಕಲೇಬೇಡಿ. ದುಡ್ಡು ಕಡಿಮೆ ಇದ್ದು ಇದನ್ನೇ ಹಾಕುವುದಾದರೆ ಒಂದು ಸೈಜ್ ದಪ್ಪದ್ದು ಹಾಕಿ, ಆಗ ಪರವಾಗಿಲ್ಲ. ಫ್ಯೂಸ್ ಮಾತ್ರ ಬ್ಯಾಟರಿ ಪಕ್ಕದಲ್ಲೇ ಇರಬೇಕು, ಒಂದೂವರೆ ಅಡಿಯ ಒಳಗೆ. ಅದು ಆಂಪ್ ಕಾಯೋಕೆ ಅಲ್ಲ, ವೈರ್ ಕಾಯೋಕೆ. ದಾರಿಯಲ್ಲಿ ಎಲ್ಲಾದರೂ ಕೇಬಲ್ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಬೆಂಕಿಯೇ.

ಅರ್ತ್‌ಗೆ, ಅಂದರೆ ಆಂಪಿನ ಮೈನಸ್ ವೈರನ್ನು ಕಾರಿನ ತಗಡಿಗೆ ಸೇರಿಸೋಕೆ, ಈಗ ಬಣ್ಣ ಕೆರೆಯುತ್ತಿದ್ದೇನೆ. ಬರೀ ತಗಡು ಹೊಳೆಯಬೇಕು. ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ, ನಮ್ಮ ಮಲೆನಾಡಿನ ಮಳೆಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುತ್ತದೆ.

ಇನ್ನೊಂದು ಮಾತು. ಮುಳ್ಳಯ್ಯನಗಿರಿಗೆ ಹೋಗಿ, ಎಂಜಿನ್ ಆಫ್ ಮಾಡಿ, ಬಾಗಿಲು ತೆಗೆದು ಗಂಟೆಗಟ್ಟಲೆ ಹಾಡು ಹಾಕುವವರಿದ್ದಾರೆ. ವೈರಿಂಗ್ ಎಷ್ಟು ಸರಿಯಿದ್ದರೂ ಆಗ ಬ್ಯಾಟರಿ ಇಳಿಯುತ್ತದೆ, ಎಂಜಿನ್ ಓಡದೆ ಚಾರ್ಜ್ ಆಗಲ್ಲವಲ್ಲ. ಸುಮಾರು 1930 ಮೀಟರ್ ಎತ್ತರ, ಆ ಮಂಜು, ಆ ಗಾಳಿ. ಅಲ್ಲಿ ಗಾಳಿ ಬೀಸುವುದೇ ಒಂದು ಸದ್ದು. ಅದನ್ನು ಕೇಳೋಕೆ ಅಂತಲೇ ನಾನು ಅಷ್ಟು ದೂರ... ಅಯ್ಯೋ, ಶಾಟ್ ಮುಗೀತು, ಮೀಟರಿಗೆ ಬರೋಣ.

ಮಲ್ಟಿಮೀಟರ್ 10 ಆಂಪಿಯರ್ ಸಾಕೆಟ್‌ನಲ್ಲಿದೆ. ಬ್ಯಾಟರಿ ಮೈನಸ್‌ಗೂ ಅದರ ಕೇಬಲ್‌ಗೂ ನಡುವೆ ಸೇರಿಸಿದ್ದೇನೆ. ಹೀಗಿರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟೆ, ಕಾರಿನ ಒಳಗಿನ ಎಲೆಕ್ಟ್ರಾನಿಕ್ಸ್ ಎಲ್ಲ ಮಲಗಬೇಕಲ್ಲ. ಈಗ ನೋಡಿ, ಎಲ್ಲ ಆಫ್ ಇರುವಾಗ ಎಳೆಯುತ್ತಿರುವುದು 0.03 ಆಂಪಿಯರ್. 0.05ರ ಒಳಗಿದ್ದರೆ ಚಿಂತೆಯಿಲ್ಲ.

ಇದು ಎರಡು ದಿನದ ನಂತರದ ಶಾಟ್. ನಡುವೆ ಕಾರು ಮುಟ್ಟಿಯೇ ಇಲ್ಲ. ಚಾರ್ಜ್ ಮಾಡಿಟ್ಟ ಬ್ಯಾಟರಿ ಈಗಲೂ 12.5 ವೋಲ್ಟ್. ಕೀ ತಿರುಗಿಸುತ್ತೇನೆ. ಹಾ, ಒಂದೇ ಸಲಕ್ಕೆ! ಅಮ್ಮ, ಬನ್ನಿ, ಮುಂದೆ ಕೂತ್ಕೊಳ್ಳಿ.