ಫೋನ್ ಬಂದರೆ ಎತ್ತಿ

ಕೇಳುಗರಿಗೆ ನಮಸ್ಕಾರ.

ಮಗ ಹಳೆಯ ಗೆಳೆಯರನ್ನೆಲ್ಲ ಬಿಟ್ಟಿದ್ದಾನೆ. ಹಾಡು ಕೇಳುವುದೂ ಪಾಪ ಅನ್ನುತ್ತಾನೆ. ಮನೆಯವರಿಗೆಲ್ಲ ನರಕವೇ ಗತಿ ಅನ್ನುತ್ತಾನೆ. ಬಾಯಿ ಅವನದು, ಮಾತು ಇನ್ಯಾರದೋ. ಮಕ್ಕಳು ಯಾವುದೋ ಧಾರ್ಮಿಕ ಗುಂಪಿನ ಹಿಡಿತಕ್ಕೆ ಸಿಕ್ಕ ಇಂಥ ಮನೆಯವರಿಗಾಗಿ ಇವತ್ತಿನ ನನ್ನ ಮಾತು.

ಒಬ್ಬರ ಕಥೆ ಹೇಳುತ್ತೇನೆ. ಅಮೆರಿಕದ ಸ್ಟೀವನ್ ಹಸನ್. 1974ರಲ್ಲಿ ಅವರಿಗೆ 19 ವರ್ಷ. ಪ್ರೀತಿಸಿದ ಹುಡುಗಿ ಆಗಷ್ಟೇ ದೂರವಾಗಿದ್ದಳು. ಕಾಲೇಜಿನಲ್ಲಿ ಮೂವರು ಯುವತಿಯರು ಬಂದು ನಗುನಗುತ್ತಾ ಮಾತಾಡಿಸಿದರು, ಊಟಕ್ಕೆ ಕರೆದರು. ಅವರು ಯೂನಿಫಿಕೇಶನ್ ಚರ್ಚ್ ಎಂಬ ಧಾರ್ಮಿಕ ಗುಂಪಿನವರು. ಸ್ವಲ್ಪ ದಿನದಲ್ಲೇ ಹುಡುಗ ಕಾಲೇಜು, ಮನೆ ಎರಡನ್ನೂ ಬಿಟ್ಟ.

ಗಮನಿಸಿ, ಅವನನ್ನು ಸೆಳೆದದ್ದು ಧರ್ಮವಲ್ಲ. ನೊಂದಿದ್ದಾಗ ಪಕ್ಕದಲ್ಲಿ ಯಾರೋ ಬಂದು ಕೂತರು, ಅಷ್ಟೇ. ಆ ವಯಸ್ಸಿನಲ್ಲಿ ಅದು ಸಣ್ಣದಲ್ಲ. ಮೊದಲು ಅಕ್ಕರೆ, ಆಮೇಲೆ ನಿಯಮ, ಕೊನೆಗೆ ಭಯ. ಬಹಳಷ್ಟು ಗುಂಪುಗಳ ದಾರಿ ಇದೇ. ಆದ್ದರಿಂದ ಮಗನ ಜೊತೆ ಶಾಸ್ತ್ರದ ವಾದಕ್ಕೆ ಕೂರಬೇಡಿ. ನೀವು ಬೈದಷ್ಟೂ, ‘ಮನೆಯವರು ನಿನ್ನನ್ನು ತಡೆಯುತ್ತಾರೆ’ ಎಂದು ಗುಂಪಿನವರು ಹೇಳಿದ್ದು ಅವನಿಗೆ ನಿಜ ಅನ್ನಿಸುತ್ತದೆ.

ಹಾಗಂತ ಎಳೆದು ತಂದು ಕೂಡಿಹಾಕೋಣವೇ? 1970ರ ದಶಕದಲ್ಲಿ ಅಮೆರಿಕದ ಕೆಲವು ತಂದೆತಾಯಿ ದುಡ್ಡು ಕೊಟ್ಟು ಅದನ್ನೇ ಮಾಡಿಸಿದರು. ಕೆಲವರು ಬದಲಾದರು. ಇನ್ನು ಕೆಲವರು ತಪ್ಪಿಸಿಕೊಂಡು ಗುಂಪಿಗೇ ಓಡಿದರು. ನನಗಂತೂ ಆ ದಾರಿ ಒಪ್ಪಿಗೆಯಿಲ್ಲ.

ಧೈರ್ಯ ಕೊಡುವ ಮಾತೂ ಇದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಇದೇ ಯೂನಿಫಿಕೇಶನ್ ಚರ್ಚನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದರು. ಗುಂಪಿನ ಶಿಬಿರಕ್ಕೆ ಹೋದವರಲ್ಲಿ ಹೆಚ್ಚಿನವರು ಸೇರಲೇ ಇಲ್ಲ. ಸೇರಿದವರಲ್ಲೂ ಬಹಳಷ್ಟು ಜನ ಎರಡು ವರ್ಷದೊಳಗೆ ತಾವಾಗಿಯೇ ಹೊರಬಂದರು.

ಹಿಂಸೆಯ ಮಾತು ಬಂದರೆ, ಗುಟ್ಟಾಗಿ ಎಲ್ಲಿಗೋ ಹೊರಡುವ ತಯಾರಿ ಕಂಡರೆ ಮಾತ್ರ ಕಾಯಬೇಡಿ. ಕೂಡಲೇ ಪೊಲೀಸರಿಗೆ ತಿಳಿಸಿ. ಉಳಿದಂತೆ ಸುಮ್ನೆ ಮಾತಾಡಿಸುತ್ತಾ ಇರಿ. ಊಟ ಆಯ್ತಾ, ನಿದ್ದೆ ಬರ್ತಿದೆಯಾ ಅಂತ ಕೇಳಿ. ಹುಟ್ಟುಹಬ್ಬಕ್ಕೆ ಫೋನ್ ಮಾಡಿ. ಉತ್ತರ ಬರದಿದ್ದರೂ ಮಾಡಿ. ಇದು ಬರೀ ಮಾತಲ್ಲಿ ಸುಲಭ ಅಂತ ಗೊತ್ತು. ದಿನವೂ ಅವಮಾನ ನುಂಗಿಕೊಂಡು ನಗಬೇಕಲ್ವಾ?

ಹಸನ್ ಕಥೆ ಮುಗಿಸುತ್ತೇನೆ. ಗುಂಪಿನ ಕೆಲಸಕ್ಕಾಗಿ ದಿನಗಟ್ಟಲೆ ನಿದ್ದೆಗೆಟ್ಟು ವ್ಯಾನ್ ಓಡಿಸುತ್ತಿದ್ದಾಗ, 1976ರಲ್ಲಿ ಅಪಘಾತವಾಯಿತು. ಕಾಲಿಗೆ ದೊಡ್ಡ ಪೆಟ್ಟು. ಆಗ ಅವರು ಫೋನ್ ಮಾಡಿದ್ದು ತಮ್ಮ ಸಹೋದರಿಗೆ. ಆಕೆ ಮನೆಗೆ ಬಾ ಅಂದರು.