‘ನಿನಗೇನೂ ಇಲ್ಲ’ ಅನ್ನಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮನೋವೈದ್ಯೆ. ಆಕಾಶವಾಣಿಯವರು ಫೋನ್ ಮಾಡಿ, ‘ವಯಸ್ಸಿಗೆ ಬಂದ ಮಕ್ಕಳಿಗೆ ಕಾಯಿಲೆಯ ಭಯ ಹಿಡಿದರೆ ಮನೆಯವರು ಏನು ಮಾಡಬೇಕು, ಹತ್ತು ನಿಮಿಷ ಮಾತಾಡಿ ಮೇಡಂ’ ಅಂದರು. ನಿಜ ಹೇಳಬೇಕೆಂದರೆ ಹತ್ತು ನಿಮಿಷ ಬೇಕಿಲ್ಲ. ನನ್ನ ಹತ್ತಿರ ಇರುವುದು ಒಂದೇ ಮಾತು. ಮಗನೋ ಮಗಳೋ ಎದೆ ಹಿಡಿದುಕೊಂಡು ಬಂದು ‘ಅಮ್ಮ, ನಂಗೇನೋ ಆಗ್ತಿದೆ’ ಅಂದಾಗ, ‘ನಿನಗೇನೂ ಇಲ್ಲ’ ಅನ್ನಬೇಡಿ. ಅಷ್ಟೇ. ಒಲೆ ಮೇಲೆ ಹಾಲಿಟ್ಟು ಬಂದವರು ಈಗಲೇ ಎದ್ದು ಹೋಗಬಹುದು. ಉಳಿದವರಿಗೆ ಯಾಕೆ ಅಂತ ಹೇಳುತ್ತೇನೆ.

2025ರ ಮೇ, ಜೂನ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿ ಹಾಕಿದರೆ ಹಾಸನ, ಮೊಬೈಲ್ ತೆಗೆದರೆ ಹಾಸನ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಆಮೇಲೆ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಹಾಸನದಲ್ಲಿ ಹೃದಯದ ಸಾವು ವಿಪರೀತ ಏರಿಲ್ಲ ಅಂತ ಹೇಳಿತು. ಆ ಸುದ್ದಿಯನ್ನು ಎಷ್ಟು ಜನ ಓದಿದರೋ! ಭಯ ಬಸ್ಸಿನಲ್ಲಿ ಬರುತ್ತೆ, ಸಮಾಧಾನ ನಡೆದುಕೊಂಡು ಬರುತ್ತೆ.

ಆ ಜೂನ್ ಕೊನೆಯಲ್ಲೇ ಅವರು ನನ್ನ ಹತ್ತಿರ ಬಂದದ್ದು. ಒಬ್ಬ ತಾಯಿ, ತಂದೆ, ಇಪ್ಪತ್ಮೂರು ವರ್ಷದ ಮಗ. ಊರು ಹೇಳುವುದಿಲ್ಲ, ಗುರುತು ಸಿಗಬಾರದು ಅಂತ ಸ್ವಲ್ಪ ಬದಲಾಯಿಸಿದ್ದೇನೆ. ಆಲೂಗಡ್ಡೆ ಹಾಕುವ ಮನೆ ಅಂತಿಟ್ಟುಕೊಳ್ಳಿ. ಹುಡುಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಎದೆನೋವು ಅಂತ ಊರಿಗೆ ಬಂದವನು ವಾಪಸ್ ಹೋಗಿರಲಿಲ್ಲ.

ತಾಯಿ ಕೈಯಲ್ಲಿ ಸೀರೆ ಅಂಗಡಿಯ ದಪ್ಪ ಚೀಲ. ಮೇಜಿನ ಮೇಲೆ ಸುರಿದರು. ಇಸಿಜಿ ಒಂಬತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಎರಡು. ಟಿಎಂಟಿ, ಅಂದರೆ ಯಂತ್ರದ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಒಂದು. ಥೈರಾಯ್ಡ್ ಮೂರು ಸಲ. ಇಸಿಜಿ ಕಾಗದ ಹಳೇದಾದರೆ ಗೆರೆ ಮಾಸಿಹೋಗುತ್ತೆ ಅಂತ ಒಂದೊಂದನ್ನೂ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದಿದ್ದರು. ಎಲ್ಲದರ ಮೇಲೂ ನಾರ್ಮಲ್.

‘ನೋಡಿ ಮೇಡಂ, ಇವ್ನಿಗೇನೂ ಇಲ್ಲ’ ಅಂದರು ತಂದೆ. ‘ಕೆಲ್ಸ ಐತೆ, ಉಣ್ಣಕ್ಕೆ ತಿನ್ನಕ್ಕೆ ಐತೆ. ಮೊಬೈಲ್ ಕಾಯಿಲೆ, ಇನ್ನೇನಿಲ್ಲ.’

ಹುಡುಗ ತಲೆ ಎತ್ತಲಿಲ್ಲ. ಕೈಗಡಿಯಾರದಲ್ಲಿ ನಾಡಿಬಡಿತ ನೋಡುತ್ತಿದ್ದ. ಮೆಲ್ಲಗೆ ಕೇಳಿದ: ‘ಒಂಬತ್ತು ಸಲ ಇಸಿಜಿ ತೆಗೆದಿದಾರೆ ಅಂದ್ರೆ, ಡಾಕ್ಟರಿಗೂ ಏನೋ ಅನುಮಾನ ಇದೆ ಅಂತ ತಾನೇ?’

ಗೊತ್ತಾಯ್ತಾ? ನಾವು ಸಮಾಧಾನಕ್ಕೆ ಅಂತ ಮಾಡಿಸಿದ್ದು ಅವನಿಗೆ ಸಾಕ್ಷಿಯಾಗಿತ್ತು.

ಆ ಹುಡುಗನಿಗೆ ಏನೂ ಇರಲಿಲ್ಲವಾ? ಇತ್ತು. ಎದೆ ನಿಜವಾಗಿ ಬಿಗಿಯುತ್ತಿತ್ತು. ಕೈ ನಿಜವಾಗಿ ಜುಮ್ಮೆನ್ನುತ್ತಿತ್ತು. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ದಾರಿಯ ತಿರುವಿನಲ್ಲಿ ಆನೆ ನಿಂತಿದ್ದರೆ ನಿಮಗೆ ಏನಾಗುತ್ತೆ? ಎದೆ ಡವಡವ. ಬಾಯಿ ಒಣಗುತ್ತೆ, ಬೆವರು ಬರುತ್ತೆ, ಹೊಟ್ಟೆ ಕಲಸುತ್ತೆ. ಅಡ್ರಿನಲಿನ್ ಅನ್ನುವ ರಸ ರಕ್ತಕ್ಕೆ ಸೇರಿ, ಓಡಲು ಮೈಯನ್ನು ತಯಾರು ಮಾಡುತ್ತೆ. ಈ ಹುಡುಗನಿಗೆ ಅದೇ ಆಗುತ್ತಿತ್ತು. ಆದರೆ ಎದುರಿಗೆ ಆನೆ ಇಲ್ಲ. ಹಾಗಾಗಿ ಅವನು ಆನೆಯನ್ನು ತನ್ನ ಎದೆಯೊಳಗೇ ಹುಡುಕುತ್ತಿದ್ದ.

ಹೃದಯದ ಡಾಕ್ಟರು ಆಗಲೇ ಚೆನ್ನಾಗಿ ನೋಡಿದ್ದರಿಂದ ನಾನೊಂದು ಕೆಲಸ ಮಾಡಿದೆ. ‘ಒಂದು ನಿಮಿಷ ಬಾಯಿಂದ ಜೋರುಜೋರಾಗಿ ಉಸಿರಾಡಪ್ಪಾ’ ಅಂದೆ. ನಾನೂ ಅವನ ಜೊತೆ ಆಡಿದೆ. ನಲವತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, ಬೆರಳು ಮುಂದೆ ಚಾಚಿದ. ‘ಇದೇ ಮೇಡಂ! ರಾತ್ರಿ ಆಗೋದು ಇದೇ!’ ಅಂದ. ತಾಯಿ ಎದ್ದೇ ನಿಂತರು. ನಾನು ನನ್ನ ಬೆರಳನ್ನೂ ತೋರಿಸಿದೆ. ನನಗೂ ಜುಮ್ಮೆನ್ನುತ್ತಿತ್ತು. ಉಸಿರು ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತೆ. ಆಗ ಬೆರಳು, ತುಟಿ ಮರಗಟ್ಟುತ್ತೆ, ತಲೆ ಹಗುರಾಗುತ್ತೆ. ನಿಧಾನಕ್ಕೆ ಉಸಿರು ಬಿಡುತ್ತಾ ಕೂತೆವು. ಎರಡು ಮೂರು ನಿಮಿಷದಲ್ಲಿ ಇಬ್ಬರಿಗೂ ಇಳಿಯಿತು. ಮೂರು ತಿಂಗಳಲ್ಲಿ ಆ ಹುಡುಗ ನಕ್ಕಿದ್ದು ಅವತ್ತೇ ಅಂತೆ.

ಆಮೇಲೆ ತಾಯಿಗೆ ಒಂದು ಕೆಲಸ ಕೊಟ್ಟೆ. ಒಂದು ವಾರ, ‘ಏನೂ ಇಲ್ಲ ಕಣೋ’ ಅಂದಾಗೆಲ್ಲ ಒಂದು ಗೀಟು ಹಾಕಿ ಅಂದೆ. ಅವರು ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಬಂದರು. ಸೋಮವಾರದ ಮನೆಯಲ್ಲಿ 31 ಗೀಟು. ಜಾಗ ಸಾಲದೆ ಮಂಗಳವಾರಕ್ಕೆ ಹರಿದಿತ್ತು. ಆ ವಾರ ಡೇರಿ ಲೆಕ್ಕವೂ ತಪ್ಪಿತಂತೆ, ಪಾಪ. ‘ಹೇಳಿದ ಮೇಲೆ ಎಷ್ಟು ಹೊತ್ತು ಸುಮ್ನಿರ್ತಾನೆ?’ ಅಂತ ಕೇಳಿದೆ. ‘ಹತ್ತು ನಿಮಿಷ ಮೇಡಂ. ಆಮೇಲೆ ಮತ್ತೆ ಬಂದು ಎದೆ ಮೇಲೆ ಕೈ ಇಡು ಅಂತಾನೆ.’ ರಾತ್ರಿ ಅವನ ಕೋಣೆ ಬಾಗಿಲಿಗೆ ಅಡ್ಡ ಚಾಪೆ ಹಾಕಿಕೊಂಡು ಮಲಗುತ್ತಿದ್ದರು ಆ ತಾಯಿ.

ಇದನ್ನೇ ನಾನು ಹೇಳುತ್ತಿರುವುದು. ‘ಏನೂ ಇಲ್ಲ’ ಅನ್ನುವುದು ಹತ್ತು ನಿಮಿಷದ ಮಾತ್ರೆ. ಇಳಿದ ಮೇಲೆ ಮೊದಲಿಗಿಂತ ಜಾಸ್ತಿ ಬೇಕು. ಅದರ ಜೊತೆಗೆ, ನಿಜವಾಗಿ ನೋಯುತ್ತಿರುವವನಿಗೆ ಅದು ‘ನೀನು ಸುಳ್ಳು ಹೇಳ್ತಿದೀಯ’ ಅಂತ ಕೇಳಿಸುತ್ತೆ.

ಅವತ್ತು ಅಲ್ಲಿಯವರೆಗೂ ಸುಮ್ಮನೆ ಕೇಳುತ್ತಿದ್ದ ತಂದೆ ಆಗ ಬಾಯಿಬಿಟ್ಟರು. ‘ಅಂದ್ರೆ ಮೇಡಂ, ಬಿತ್ತನೆ ಗೆಡ್ಡೆ ಊರಿ, ಮೊಳಕೆ ಬಂತಾ ಅಂತ ದಿನಾ ಮಣ್ಣು ಕೆದಕಿ ನೋಡ್ದಂಗೆ. ಬರೋದೂ ಬರಲ್ಲ.’ ನಾನು ಇಪ್ಪತ್ತು ನಿಮಿಷದಿಂದ ಹೇಳಲು ಒದ್ದಾಡುತ್ತಿದ್ದುದನ್ನು ಅವರು ಒಂದೇ ಉಸಿರಿಗೆ ಹೇಳಿಬಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ‘ಕೆದಕಬೇಡ ಕಣ್ಲಾ’ ಅನ್ನುವುದೇ ಗುಟ್ಟಿನ ಮಾತಾಯಿತು.

ಮತ್ತೆ ಏನು ಹೇಳಬೇಕು ಅಂತ ಕೇಳುತ್ತೀರಿ. ಹೀಗೆ ಹೇಳಿ: ‘ಎದೆ ಬಿಗಿದಂಗಾಗ್ತಿದೆಯಾ? ಕಷ್ಟ ಆಗ್ತಿರ್ಬೇಕು. ಡಾಕ್ಟರು ನೋಡಿದಾರಲ್ವಾ. ಬಾ, ಹಸುಗೆ ಹುಲ್ಲು ಹಾಕ್ಬಂದ್ಬಿಡಣ.’ ನೋವನ್ನು ಒಪ್ಪಿಕೊಳ್ಳಿ, ತನಿಖೆ ಮಾಡಬೇಡಿ, ಕೆಲಸ ಮುಂದುವರಿಸಿ. ಮೊದಲ ವಾರ ಕೋಪ ಮಾಡಿಕೊಳ್ಳುತ್ತಾರೆ, ಭಯವೂ ಏರುತ್ತೆ. ಆ ತಾಯಿ ಮೂರನೇ ದಿನ ಫೋನಿನಲ್ಲಿ ಅತ್ತರು. ತಡೆದುಕೊಳ್ಳಿ.

ಈ ಹುಡುಗನಿಗೇ ನನ್ನ ಸಮಯವೆಲ್ಲ ಹೋಯಿತು. ಬರೆದುಕೊಂಡು ಬಂದ ಹಾಳೆಯಲ್ಲಿ ಇನ್ನೂ ಬಹಳ ಇದೆ, ಬೇಗ ಹೇಳುತ್ತೇನೆ.

ಮೊದಲು ಒಬ್ಬ ಒಳ್ಳೆಯ ಡಾಕ್ಟರಿಗೆ ಸರಿಯಾಗಿ ತೋರಿಸಿ. ಮತ್ತೆ ಯಾವಾಗ ಬರಬೇಕು ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಎಚ್ಚರ ತಪ್ಪಿದರೆ, ಹತ್ತುವಾಗ ಇಳಿಯುವಾಗ ಎದೆ ಒತ್ತಿ ಹಿಡಿದು ಕೈಗೋ ದವಡೆಗೋ ನೋವು ಹರಡಿದರೆ ಕಾಯಬೇಡಿ, ತಕ್ಷಣ ಹೋಗಿ. ಹೊಸದೇನೂ ಇಲ್ಲದೆ, ಸುಮ್ನೆ ಸಮಾಧಾನಕ್ಕೆ ಅಂತ ಹತ್ತನೇ ಇಸಿಜಿ ಬೇಡ. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಇನ್ನೂ ಮನೆಯಲ್ಲಿದ್ದರೆ ಎತ್ತಿಡಿ. ಕೈಗಡಿಯಾರವನ್ನು ಮಾತ್ರ ಕಿತ್ತುಕೊಳ್ಳಬೇಡಿ, ಇಪ್ಪತ್ಮೂರು ವರ್ಷದವನು ಮಗುವಲ್ಲ. ಅವನೇ ಬಿಚ್ಚಿಡಲಿ. ನನ್ನ ಕೋಣೆಗೆ ಬಂದಾಗಲೂ ಅವನೇ ಮಾತಾಡಲಿ. ‘ನಿದ್ದೆ ಬರುತ್ತಾ?’ ಅಂತ ನಾನು ಮಗನನ್ನು ಕೇಳಿದರೆ ಅಪ್ಪ ‘ಇಲ್ಲ ಮೇಡಂ’ ಅನ್ನುತ್ತಾರೆ. ನಿಮಗೆ ಬರುತ್ತಾ ಅಂತ ನಾನು ಕೇಳಲಿಲ್ಲವಲ್ಲ!

ದೃಷ್ಟಿ ತೆಗೆದಿರಾ, ಹಾಸನಾಂಬೆಗೆ ಹರಕೆ ಹೊತ್ತಿರಾ, ನನ್ನದೇನೂ ತಕರಾರಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತೆ ಅನ್ನುವವರ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತೆ. ಆ ಇನ್ನೊಂದು ಮನೆಯ ಹುಡುಗಿ ಏನು ಪಾಪ ಮಾಡಿದ್ದಳು?

ಕಾಯಿಲೆಯ ಈ ಭಯಕ್ಕೆ ಚಿಕಿತ್ಸೆ ಇದೆ. ಭಯವನ್ನು ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತೆ. ಕೆಲವರಿಗೆ ಮಾತ್ರೆ ಬೇಕು. ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಒಂದು ವಾರಕ್ಕೇ ಬಿಸಾಡಬೇಡಿ. ಎಲ್ಲಿಗೆ ಹೋಗಬೇಕೋ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. 2022ರಲ್ಲಿ ಶುರುವಾದದ್ದು, ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ 14416. ಬರೆದುಕೊಂಡಿರಾ? ಒಂದು, ನಾಲ್ಕು, ನಾಲ್ಕು, ಒಂದು, ಆರು. ಅಪ್ಪ ಅಮ್ಮಂದಿರೂ ಮಾಡಬಹುದು.

ಆ ತಾಯಿ ಮೊನ್ನೆ ಫೋನ್ ಮಾಡಿದ್ದರು. ಮಗ ಬೆಂಗಳೂರಿಗೆ ವಾಪಸ್ ಹೋಗಿದ್ದಾನೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಅವನ ಫೋನು: ‘ಅಮ್ಮ, ಎದೆ ಹಿಡಿದಂಗಾಗ್ತಿದೆ.’ ‘ಏನೂ ಇಲ್ಲ’ ಅನ್ನುವುದು ಇವರ ನಾಲಿಗೆ ತುದಿಗೆ ಬಂದಿತ್ತಂತೆ. ನುಂಗಿಕೊಂಡು, ‘ಹೌದೇನಪ್ಪಾ, ಕಷ್ಟ ಆಗ್ತಿರ್ಬೇಕು’ ಅಂದು, ‘ಏನ್ ಅಡುಗೆ ಮಾಡಿದ್ದೆ?’ ಅಂತ ಕೇಳಿದರಂತೆ. ಕಾಲು ಗಂಟೆ ಸೀದುಹೋದ ಸಾರಿನ ಕಥೆ ಹೇಳಿ ಫೋನ್ ಇಟ್ಟನಂತೆ. ‘ಅವನು ಮಲಗಿದ ಮೇಡಂ’ ಅಂದರು ತಾಯಿ, ‘ನಂಗೇ ಬೆಳಗಿನವರೆಗೂ ನಿದ್ದೆ ಇಲ್ಲ.’

ಅವರಿಗೂ ಬರುವ ವಾರ ಬನ್ನಿ ಅಂದಿದ್ದೇನೆ. ನಮಸ್ಕಾರ.