ಊರಿನ ದುಡ್ಡು ಎಷ್ಟು ಕೈ ದಾಟುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಸಣ್ಣ ಊರುಗಳಲ್ಲಿ ಅಂಗಡಿಗಳು ಯಾಕೆ ಬಾಗಿಲು ಹಾಕುತ್ತಿವೆ, ಊರವರೆಲ್ಲ ಸೇರಿ ನಡೆಸುತ್ತಿದ್ದ ಕಾರ್ಯಕ್ರಮಗಳು ಯಾಕೆ ನಿಂತುಹೋಗುತ್ತಿವೆ ಎಂಬ ವಿಷಯಕ್ಕೆ ನಿಲಯದವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ಅಂಗಡಿ ಇಟ್ಟವರು, ಪುರಸಭೆಯ ಸದಸ್ಯರು, ವರ್ಷ ವರ್ಷ ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುವ ಕಾರ್ಯಕರ್ತರು, ನಿಮ್ಮನ್ನೇ ಎದುರಿಗೆ ಕೂರಿಸಿಕೊಂಡ ಹಾಗೆ ಮಾತಾಡುತ್ತೇನೆ. ಈ ಪ್ರಶ್ನೆಗೆ ನಿಮ್ಮಲ್ಲಿ ಬಹಳ ಜನ ಉತ್ತರ ಆಗಲೇ ಸಿದ್ಧ ಇಟ್ಟುಕೊಂಡಿರುತ್ತೀರಿ: ಜನಕ್ಕೆ ಊರಿನ ಮೇಲೆ ಅಭಿಮಾನ ಇಲ್ಲ, ಹುಡುಗರು ಮೊಬೈಲ್ ಬಿಟ್ಟು ತಲೆ ಎತ್ತುವುದಿಲ್ಲ, ಕಾಲ ಕೆಟ್ಟಿದೆ. ದಯವಿಟ್ಟು ಹದಿನೈದು ನಿಮಿಷ ಇದನ್ನೆಲ್ಲ ಬದಿಗಿಡಿ. ಅಭಿಮಾನದಿಂದ ಮಳಿಗೆಯ ಬಾಡಿಗೆ ಕಟ್ಟಲಾಗುವುದಿಲ್ಲ.

ನನಗೆ ಹೇಳಬೇಕಾದದ್ದು ಒಂದೇ ಮಾತು. ಊರಿಗೆ ಬಂದ ದುಡ್ಡು, ಊರು ಬಿಡುವ ಮೊದಲು ಎಷ್ಟು ಕೈ ದಾಟುತ್ತದೆ? ಊರು ಏಳುವುದೂ ಇದರಿಂದ, ಸೊರಗುವುದೂ ಇದರಿಂದ.

ಲೆಕ್ಕ ಸುಲಭ, ಕೈಯಲ್ಲಿ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಊರಿನ ಒಬ್ಬರ ಕೈಗೆ ನೂರು ಬಂತು ಅನ್ನಿ. ಅದರಲ್ಲಿ ಅರವತ್ತನ್ನು ಊರೊಳಗೇ ಖರ್ಚು ಮಾಡಿದರು. ಆ ಅರವತ್ತು ಸಿಕ್ಕವರೂ ಅದೇ ಪ್ರಮಾಣದಲ್ಲಿ, ಅಂದರೆ ಮೂವತ್ತಾರನ್ನು, ಊರಲ್ಲೇ ಖರ್ಚು ಮಾಡಿದರು. ಮುಂದಿನವರು ಇಪ್ಪತ್ತೊಂದೂವರೆ ಚಿಲ್ಲರೆ. ಮೊದಲ ನೂರನ್ನೂ ಸೇರಿಸಿ ಹೀಗೇ ಕೂಡುತ್ತಾ ಹೋದರೆ ಕೊನೆಗೆ 250 ಆಗುತ್ತದೆ. ಈಗ ಅರವತ್ತರ ಜಾಗದಲ್ಲಿ ಮೂವತ್ತು ಹಾಕಿ ನೋಡಿ: ಮೊತ್ತ 143ಕ್ಕೆ ನಿಂತುಬಿಡುತ್ತದೆ. ಊರಿಗೆ ಬಂದದ್ದು ಎರಡು ಸಲವೂ ಅದೇ ನೂರು. ಸಂಬಳ ಕಡಿಮೆಯಾಗಿಲ್ಲ, ಜನ ಊರು ಬಿಟ್ಟಿಲ್ಲ, ಆದರೂ ಬೀದಿಯ ವ್ಯಾಪಾರ ನೂರಕ್ಕಿಂತ ಹೆಚ್ಚು ಕುಸಿಯಿತು. ಅರ್ಥಶಾಸ್ತ್ರದವರು ಇದನ್ನು ಗುಣಕ ಎನ್ನುತ್ತಾರೆ. ಕೇಂಬ್ರಿಡ್ಜ್‌ನ ರಿಚರ್ಡ್ ಕಾನ್ 1931ರಲ್ಲೇ ಉದ್ಯೋಗದ ವಿಚಾರದಲ್ಲಿ ಈ ಬಗೆಯ ಲೆಕ್ಕ ಹಾಕಿಟ್ಟಿದ್ದಾರೆ.

ಅರವತ್ತು ಮೂವತ್ತಕ್ಕೆ ಇಳಿಯುವುದು ಹೇಗೆ? ಊರಿನವರದೇ ಆದ ಒಂದು ಅಂಗಡಿ ಇತ್ತು ಅನ್ನಿ. ಅದರ ಲೆಕ್ಕ ಬರೆಯುವವರು ಊರವರು. ಬೋರ್ಡು ಬರೆದವರು, ಕಪಾಟು ಮಾಡಿದ ಬಡಗಿ, ಬಿಲ್ ಪುಸ್ತಕ ಅಚ್ಚು ಹಾಕಿದ ಪ್ರೆಸ್ಸು, ವೈರಿಂಗ್ ರಿಪೇರಿಯವರು, ಎಲ್ಲರೂ ಊರವರು. ಲಾಭವೂ ಊರಲ್ಲೇ ಖರ್ಚಾಗುತ್ತಿತ್ತು. ಆ ಜಾಗಕ್ಕೆ ಹೊರಗಿನ ದೊಡ್ಡ ಕಂಪನಿಯ ಮಳಿಗೆ ಬಂದರೆ ಊರಿಗೆ ಉಳಿಯುವುದು ನಾಲ್ಕಾರು ಹುಡುಗರ ಸಂಬಳ, ಮಾಲೀಕ ಊರವನಾಗಿದ್ದರೆ ಕಟ್ಟಡದ ಬಾಡಿಗೆ. ಮಿಕ್ಕಿದ್ದೆಲ್ಲ ಕೇಂದ್ರ ಕಚೇರಿಯಲ್ಲಿ ನಡೆಯುತ್ತದೆ. ಒಂದು ಅಂಗಡಿ ಮುಚ್ಚಿದಾಗ ಒಂದೇ ಅಂಗಡಿ ಮುಚ್ಚಿತು ಎಂದು ಎಣಿಸುತ್ತೇವಲ್ಲ, ಅದು ತಪ್ಪು. ಬಡಗಿಗೆ ಒಂದು ಗಿರಾಕಿ ಹೋಯಿತು, ಪ್ರೆಸ್ಸಿಗೆ ಒಂದು, ಲೆಕ್ಕದವರಿಗೆ ಒಂದು. ಎರಡು ವರ್ಷ ಬಿಟ್ಟು ಪ್ರೆಸ್ಸು ಮುಚ್ಚಿದಾಗ ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನು ಕಾರ್ಯಕ್ರಮ. ಊರ ಅಂಗಡಿಯವರ ಹತ್ತಿರ ಚಂದಾಕ್ಕೆ ಹೋದರೆ ಗಲ್ಲಾಪೆಟ್ಟಿಗೆ ತೆರೆದು ಅಲ್ಲೇ ಕೊಡುತ್ತಿದ್ದರು, ಬೈದುಕೊಂಡಾದರೂ ಕೊಡುತ್ತಿದ್ದರು. ಕಂಪನಿ ಮಳಿಗೆಯ ಮ್ಯಾನೇಜರಿಗೆ ಆ ಅಧಿಕಾರ ಇಲ್ಲ. ಅವರು ಅರ್ಜಿ ತೆಗೆದುಕೊಂಡು ಮೇಲಕ್ಕೆ ಕಳಿಸುತ್ತಾರೆ, ಉತ್ತರ ಬರುವಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತದೆ. ಕಾರ್ಯಕ್ರಮ ಸತ್ತದ್ದಕ್ಕೆ ಒಂದು ಕಾರಣ, ಅಂಗಡಿ ಸತ್ತದ್ದಕ್ಕೆ ಇನ್ನೊಂದು ಕಾರಣ ಹುಡುಕಬೇಡಿ. ಎರಡೂ ಒಂದೇ ಕಾಯಿಲೆ. ದುಡ್ಡು ಕೈ ದಾಟುವುದು ನಿಂತಿದೆ.

ಇದು ಬರೀ ಪುಸ್ತಕದ ಮಾತು ಅನ್ನುವವರಿಗಾಗಿ ವೋರ್ಗಲ್ ಎಂಬ ಊರಿನ ಕಥೆ ಹೇಳುತ್ತೇನೆ. ಆಸ್ಟ್ರಿಯಾ ದೇಶ, ಟಿರೋಲ್ ಪ್ರಾಂತ್ಯ, ಆಗ ನಾಲ್ಕು ಸಾವಿರ ಚಿಲ್ಲರೆ ಜನ. 1932ನೇ ಇಸವಿ, ಜಗತ್ತಿಗೇ ಆರ್ಥಿಕ ಕುಸಿತ ಬಡಿದಿದ್ದ ಕಾಲ. ಕಾರ್ಖಾನೆ ಕೆಲಸ ಹೋಗಿ ನೂರಾರು ಜನ ಮನೆಯಲ್ಲಿ ಕೂತಿದ್ದರು. ತೆರಿಗೆ ಬಾಕಿ ಗುಡ್ಡೆ ಬಿದ್ದು ಪುರಸಭೆಯ ಖಜಾನೆ ಬರಿದಾಗಿತ್ತು. ರಸ್ತೆ ಕಿತ್ತುಹೋಗಿತ್ತು. ಗಮನಿಸಿ: ಮಾಡಬೇಕಾದ ಕೆಲಸ ಇತ್ತು, ಮಾಡುವ ಕೈಗಳೂ ಇದ್ದವು. ಇಬ್ಬರ ನಡುವೆ ಓಡಾಡುವ ದುಡ್ಡು ಮಾತ್ರ ಇರಲಿಲ್ಲ. ಇದ್ದವರು ಅದನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

ಅಲ್ಲಿನ ಮೇಯರ್ ಮಿಖಾಯೆಲ್ ಉಂಟರ್‌ಗುಗೆನ್‌ಬರ್ಗರ್. ರೈಲ್ವೆಯಲ್ಲಿ ದುಡಿದ ಮನುಷ್ಯ. ಸಿಲ್ವಿಯೊ ಗೆಸೆಲ್ ಎಂಬ ಜರ್ಮನ್ ವ್ಯಾಪಾರಿಯ ಬರಹಗಳನ್ನು ಓದಿಕೊಂಡಿದ್ದವರು. ಹಣವನ್ನು ಸುಮ್ಮನೆ ಇಟ್ಟುಕೊಂಡರೆ ಅದಕ್ಕೂ ಒಂದು ಬಾಡಿಗೆ ಬೀಳಬೇಕು, ಆಗ ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬುದು ಗೆಸೆಲ್ ವಾದ. ಮೇಯರ್ ಅದನ್ನು ಮಾಡಿಯೇ ನೋಡಿದರು.

ಏನು ಮಾಡಿದರು ಎಂಬುದನ್ನು ಸ್ವಲ್ಪ ವಿವರವಾಗಿ ಕೇಳಿ, ಜಾಣತನ ಇರುವುದು ವಿವರದಲ್ಲೇ. ಪುರಸಭೆ ತನ್ನದೇ ಚೀಟಿಗಳನ್ನು ಅಚ್ಚು ಹಾಕಿಸಿತು. ಷಿಲ್ಲಿಂಗ್ ಅಂದರೆ ಆಗಿನ ಆಸ್ಟ್ರಿಯಾದ ಹಣ. 1 ಷಿಲ್ಲಿಂಗ್, 5 ಷಿಲ್ಲಿಂಗ್, 10 ಷಿಲ್ಲಿಂಗ್, ಮೂರು ಬಗೆ. ಹೆಸರಿಗೆ ಅದು ನೋಟಲ್ಲ, ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ. ಹೊರಬಿದ್ದ ಚೀಟಿಗಳಿಗೆ ಸಮನಾಗಿ ಅಸಲಿ ಷಿಲ್ಲಿಂಗನ್ನು ಸ್ಥಳೀಯ ಬ್ಯಾಂಕಿನಲ್ಲಿ ಇಡಲಾಯಿತು, ಆದ್ದರಿಂದ ಮುಳುಗುತ್ತದೆಂಬ ಭಯ ಇಲ್ಲ. ರಸ್ತೆ ಕೆಲಸಕ್ಕೆ ಬಂದವರಿಗೆ ಕೂಲಿ ಈ ಚೀಟಿಯಲ್ಲಿ. ಅಂಗಡಿಯವರು ತೆಗೆದುಕೊಳ್ಳುವರೇ? ತೆಗೆದುಕೊಂಡರು, ಯಾಕೆಂದರೆ ಪುರಸಭೆ ತೆರಿಗೆಗೆ ಇದೇ ಚೀಟಿ ಒಪ್ಪುತ್ತಿತ್ತು. ಚೀಟಿಗೆ ಬೆಲೆ ಬಂದದ್ದು ಈ ಒಂದು ಕಾರಣಕ್ಕೆ. ಇದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನಕಲು ಮಾಡಿದರೆ ಏನೂ ನಡೆಯುವುದಿಲ್ಲ.

ಈಗ ಮುಖ್ಯ ಭಾಗ. ಚೀಟಿಯ ಮೇಲೆ ಸ್ಟಾಂಪ್ ಅಂಟಿಸಲು ಚೌಕಗಳಿದ್ದವು. ತಿಂಗಳು ಮುಗಿದಾಗ ಚೀಟಿ ಯಾರ ಜೇಬಿನಲ್ಲಿದೆಯೋ ಅವರು ಅದರ ಬೆಲೆಯ ನೂರಕ್ಕೆ ಒಂದರಷ್ಟು ಸ್ಟಾಂಪ್ ಕೊಂಡು ಅಂಟಿಸಬೇಕು. ಷಿಲ್ಲಿಂಗಿಗೆ ನೂರು ಗ್ರೋಷನ್, ಹಾಗಾಗಿ ಹತ್ತು ಷಿಲ್ಲಿಂಗಿನ ಚೀಟಿಗೆ ಹತ್ತು ಗ್ರೋಷನ್. ಅಂಟಿಸದಿದ್ದರೆ ಚೀಟಿ ಪೂರ್ತಿ ಬೆಲೆಗೆ ನಡೆಯುವುದಿಲ್ಲ. ಅಷ್ಟು ಸಣ್ಣ ದಂಡ, ಆದರೆ ಮನುಷ್ಯ ಸ್ವಭಾವ ನಿಮಗೆ ಗೊತ್ತಲ್ಲ. ತಿಂಗಳ ಕೊನೆಯ ವಾರ ಬಂದರೆ ಹಳೇ ಸಾಲ ನೆನಪಾಗುತ್ತದೆ, ಬಟ್ಟೆ ಹೊಲಿದವರಿಗೆ ಬಾಕಿ ಕೊಡುವುದು ನೆನಪಾಗುತ್ತದೆ. ಕೊಡಲು ಬೇರೆ ಯಾರೂ ಸಿಗದವರು ಪುರಸಭೆಗೆ ಹೋಗಿ ತೆರಿಗೆ ಬಾಕಿ ಕಟ್ಟಿದರು. ಮುಂದಿನ ತೆರಿಗೆಯನ್ನು ಮುಂಗಡವಾಗಿ ಕಟ್ಟಿದವರೂ ಇದ್ದರು! ಪುರಸಭೆ ಅದೇ ಚೀಟಿಯನ್ನು ಮತ್ತೆ ಕೂಲಿಗೆ ಕೊಟ್ಟಿತು. ಸ್ಟಾಂಪಿನಿಂದ ಬಂದ ಆದಾಯ ಬಡವರ ನೆರವಿಗೆ ಹೋಯಿತು.

ಇನ್ನೊಂದು ಸೂಕ್ಷ್ಮ. ಊರ ಹೊರಗಿನ ಸಗಟು ವ್ಯಾಪಾರಿಗೆ ಕೊಡಲು ಅಸಲಿ ಷಿಲ್ಲಿಂಗೇ ಬೇಕು ಎಂದಾದರೆ ಚೀಟಿ ಬದಲಿಸಿಕೊಳ್ಳಬಹುದಿತ್ತು, ನೂರಕ್ಕೆ ಎರಡು ಕಳೆದು. ಬಾಗಿಲು ಮುಚ್ಚಿಲ್ಲ, ಹೊಸ್ತಿಲು ಒಂದಿಷ್ಟು ಎತ್ತರ ಮಾಡಿದ್ದಾರೆ. ಆ ಎರಡು ಉಳಿಸಲು ವ್ಯಾಪಾರಿ ಮೊದಲು ಊರೊಳಗೇ ಸಾಮಾನು ಸಿಗುತ್ತದೆಯೇ ಎಂದು ನೋಡುತ್ತಾನೆ.

ಒಂದು ಹೊತ್ತಿಗೆ ಚಲಾವಣೆಯಲ್ಲಿ ಇರುತ್ತಿದ್ದದ್ದು ಸರಾಸರಿ ಐದಾರು ಸಾವಿರ ಷಿಲ್ಲಿಂಗ್ ಬೆಲೆಯ ಚೀಟಿ ಅಷ್ಟೇ. ಅಷ್ಟರಲ್ಲೇ ರಸ್ತೆ ಆಯಿತು, ಬೀದಿ ದೀಪ ಆಯಿತು, ಸೇತುವೆ ಆಯಿತು, ಹಿಮದ ಮೇಲೆ ಜಾರುವ ಆಟಕ್ಕೆ ನೆಗೆತದ ಕಟ್ಟೆಯೂ ಆಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಫಿಷರ್ ಅವರಂಥ ದೊಡ್ಡ ಅರ್ಥಶಾಸ್ತ್ರಜ್ಞರೂ ಇತ್ತ ಕಣ್ಣು ಹಾಯಿಸಿದರು. ಬೇರೆ ಊರುಗಳೂ ನಮಗೂ ಬೇಕು ಎಂದು ಎದ್ದವು. ಅಲ್ಲಿಗೆ ಆಸ್ಟ್ರಿಯಾದ ಕೇಂದ್ರ ಬ್ಯಾಂಕ್, ನೋಟು ಅಚ್ಚು ಹಾಕುವ ಹಕ್ಕು ನಮ್ಮದು ಮಾತ್ರ ಎಂದು ತಡೆಯಿತು. ಊರು ನ್ಯಾಯಾಲಯಕ್ಕೆ ಹೋಗಿ ಸೋತಿತು. 1933ರ ಸೆಪ್ಟೆಂಬರಿಗೆ ಚೀಟಿಯ ಓಡಾಟ ನಿಂತಿತು.

ಕಥೆ ಸ್ವಲ್ಪ ಉದ್ದವಾಯಿತು, ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ. ನೀವೂ ನೋಟು ಅಚ್ಚು ಹಾಕಿಸಿ ಅನ್ನುತ್ತಿಲ್ಲ, ಹಾಗೆ ಮಾಡಿದರೆ ಸೀದಾ ಜೈಲು. ಚೀಟಿ ಇಲ್ಲದೆಯೂ ದುಡ್ಡಿನ ಓಟ ಹೆಚ್ಚಿಸಬಹುದು.

ಮೊದಲನೆಯದು ಪುರಸಭೆಯವರಿಗೆ. ಬಿಲ್ಲು ಬೇಗ ಪಾಸು ಮಾಡಿ ಸ್ವಾಮಿ. ಊರಿನ ಸಣ್ಣ ಗುತ್ತಿಗೆದಾರ ಹದಿನೈದು ದಿನದಲ್ಲಿ ಕೆಲಸ ಮುಗಿಸಿ ದುಡ್ಡಿಗೆ ಅರವತ್ತು ದಿನ ಕಾದರೆ, ಅವನ ಬಂಡವಾಳ ಒಂದು ಸುತ್ತು ಬರಲು ಎಪ್ಪತ್ತೈದು ದಿನ. ವರ್ಷಕ್ಕೆ ಐದು ಕೆಲಸವೂ ಆಗುವುದಿಲ್ಲ. ಏಳು ದಿನಕ್ಕೆ ಕೊಟ್ಟರೆ ಅದೇ ಬಂಡವಾಳದಲ್ಲಿ ಹದಿನಾರು ಕೆಲಸ. ಪುರಸಭೆಗೆ ಒಂದು ಕಾಸು ಹೆಚ್ಚು ಖರ್ಚಿಲ್ಲ. ಹಾಗೆಯೇ ರಸ್ತೆ, ಚರಂಡಿ, ಬಣ್ಣ, ದೀಪ ಎಲ್ಲವನ್ನೂ ಒಂದೇ ಟೆಂಡರಿನಲ್ಲಿ ಕಟ್ಟಬೇಡಿ. ಅಷ್ಟು ದೊಡ್ಡ ಠೇವಣಿ ಇಡುವವನು ಹೊರಗಿನವನೇ ಆಗಿರುತ್ತಾನೆ. ನಿಯಮ ಅವಕಾಶ ಕೊಡುವಷ್ಟು ಒಡೆದು ಕರೆಯಿರಿ.

ಎರಡನೆಯದು ಅಂಗಡಿಯವರಿಗೆ. ಉದ್ರಿ ವಜಾ ಮಾಡಿಕೊಳ್ಳಿ. ಪ್ರೆಸ್ಸಿನವರು ಹಾರ್ಡ್‌ವೇರ್ ಅಂಗಡಿಗೆ ಐದು ಸಾವಿರ ಕೊಡಬೇಕು. ಹಾರ್ಡ್‌ವೇರಿನವರು ಬಡಗಿಗೆ ಎಂಟು ಸಾವಿರ. ಬಡಗಿ ಪ್ರೆಸ್ಸಿಗೆ ಆರು ಸಾವಿರ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದಾರೆ. ಈ ಸುತ್ತಿನಲ್ಲಿ ಚಿಕ್ಕ ಮೊತ್ತ ಐದು ಸಾವಿರ, ಅದನ್ನು ಮೂವರ ಸಾಲದಲ್ಲೂ ಹೊಡೆದು ಹಾಕಿ. ಪ್ರೆಸ್ಸಿನವರು ಸಾಲಮುಕ್ತ, ಹಾರ್ಡ್‌ವೇರಿನವರಿಗೆ ಉಳಿದದ್ದು ಮೂರು ಸಾವಿರ, ಬಡಗಿಗೆ ಒಂದು ಸಾವಿರ. ಒಂದೇ ಒಂದು ನೋಟು ಹೊರಗೆ ತೆಗೆಯಲಿಲ್ಲ. ಸ್ಲೊವೇನಿಯಾ ದೇಶದಲ್ಲಿ ಸರ್ಕಾರಿ ಸಂಸ್ಥೆಯೇ ಕಂಪನಿಗಳ ನಡುವಿನ ಸಾಲವನ್ನು ಹೀಗೆ ವಜಾ ಮಾಡಿಕೊಡುತ್ತದೆ. ಸ್ವಿಟ್ಜರ್ಲೆಂಡಿನ ಸಣ್ಣ ವ್ಯಾಪಾರಿಗಳು 1934ರಲ್ಲಿ ವೀರ್ ಎಂಬ ಸಹಕಾರಿ ವ್ಯವಸ್ಥೆ ಕಟ್ಟಿಕೊಂಡು ನಗದಿಲ್ಲದೆ ತಮ್ಮೊಳಗೇ ಕೊಡುಕೊಳ್ಳುವಿಕೆ ಶುರು ಮಾಡಿದರು. ಇದು ಕೆಡುವುದು ಒಂದೇ ಕಡೆ: ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಬೀದಿಗೆ ಬಿದ್ದರೆ ಮರುಸಲ ಯಾರೂ ಪಟ್ಟಿ ಕೊಡುವುದಿಲ್ಲ. ಪಟ್ಟಿ ಒಬ್ಬ ಲೆಕ್ಕಿಗರ ಕೈಯಲ್ಲಿ ಮಾತ್ರ ಇರಲಿ.

ಜನ ಪಕ್ಕದ ದೊಡ್ಡ ಊರಿಗೆ ಹೋಗುತ್ತಾರೆ ಎಂಬ ದೂರು ಇದ್ದೇ ಇದೆ. ಹೋಗುತ್ತಾರೆ. ವಿಲಿಯಂ ರೈಲಿ ಎಂಬುವರು 1931ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಊರಿನ ಸೆಳೆತ ಜನಸಂಖ್ಯೆಯಷ್ಟು ಏರುತ್ತದೆ, ದೂರದ ವರ್ಗದಷ್ಟು ಇಳಿಯುತ್ತದೆ, ಅಂದರೆ ದೂರ ಎರಡರಷ್ಟಾದರೆ ಸೆಳೆತ ಕಾಲು ಭಾಗ. ನಿಮ್ಮ ಊರು ಹತ್ತು ಸಾವಿರ, ಪಕ್ಕದ್ದು ಒಂದು ಲಕ್ಷ ಅರವತ್ತು ಸಾವಿರ, ನಡುವೆ 50 ಕಿಲೋಮೀಟರ್ ಇದ್ದರೆ, ಆ ದಿಕ್ಕಿನಲ್ಲಿ ನಿಮ್ಮ ಗಿರಾಕಿ ಹತ್ತೇ ಕಿಲೋಮೀಟರಿಗೆ ಮುಗಿಯಿತು. ಇದರ ಜೊತೆ ಗುದ್ದಾಡಬೇಡಿ. ಆ ಹತ್ತು ಕಿಲೋಮೀಟರಿನ ಒಳಗಿನ ದುಡ್ಡನ್ನು ಇನ್ನೊಂದು ಕೈ ದಾಟಿಸಿ.

ಕಾರ್ಯಕ್ರಮ ನಡೆಸುವವರೇ, ಹೋದ ಸಲದ ವೋಚರುಗಳನ್ನು ತೆಗೆದು ಎರಡು ಕಾಲಂ ಮಾಡಿ: ಊರವರಿಗೆ ಕೊಟ್ಟದ್ದು, ಹೊರಗಿನವರಿಗೆ ಕೊಟ್ಟದ್ದು. ಪೆಂಡಾಲ್, ಮೈಕ್‌ಸೆಟ್, ಜನರೇಟರ್, ಅಡುಗೆ, ಕರಪತ್ರ, ಬಹುಮಾನದ ಕಪ್ಪು. ಕಲಾವಿದರು ಹೊರಗಿನಿಂದ ಬರಲಿ, ಬರಲೇಬೇಕು. ಆದರೆ ಮಿಕ್ಕದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನ ಕಾಲಂನಲ್ಲಿದ್ದರೆ, ಊರವರ ಚಂದಾ ಎತ್ತಿ ಊರ ಹೊರಗೆ ಸುರಿದ ಹಾಗಾಯಿತು, ಮುಂದಿನ ವರ್ಷ ಅಂಗಡಿಯವರು ಮುಖ ತಿರುಗಿಸಿದರೆ ಅವರನ್ನು ಬೈಯಬೇಡಿ. ಕಾರ್ಯಕ್ರಮ ಅಂಗಡಿ ಬೀದಿಯಿಂದ ಐದು ನಿಮಿಷದ ನಡಿಗೆಯೊಳಗೆ ಇರಲಿ. ಊರಾಚೆಯ ಮೈದಾನದಲ್ಲಿ ಮಾಡಿದರೆ ಜನ ಗಾಡಿ ಹತ್ತಿ ಬಂದು ಗಾಡಿ ಹತ್ತಿ ಹೋಗುತ್ತಾರೆ. ನಡುವೆ ಮುಕ್ಕಾಲು ಗಂಟೆ ಬಿಡುವು ಕೊಡಿ, ಆಗ ಅಂಗಡಿಗಳು ತೆರೆದಿರಲಿ. ಬಟ್ಟೆ ಅಂಗಡಿಯ ಎದುರಿಗೇ ಹೊರಗಿನ ಬಟ್ಟೆ ಸ್ಟಾಲಿಗೆ ಜಾಗ ಕೊಡುವ ತಪ್ಪನ್ನಂತೂ ಮಾಡಲೇಬೇಡಿ. ಇನ್ನು, ಒಬ್ಬರೇ ಖಜಾಂಚಿ ಇಪ್ಪತ್ತು ವರ್ಷ ಕೂತರೆ ಅವರು ಕಾಯಿಲೆ ಬಿದ್ದ ವರ್ಷ ಕಾರ್ಯಕ್ರಮವೂ ನಿಲ್ಲುತ್ತದೆ. ಎಷ್ಟು ಕುರ್ಚಿ, ಯಾರ ಲೈಟು, ಯಾವ ಕಚೇರಿಯ ಪರವಾನಗಿಗೆ ಎಷ್ಟು ದಿನ ಮೊದಲು ಅರ್ಜಿ, ಎಲ್ಲವೂ ಒಂದು ನೋಟುಪುಸ್ತಕದಲ್ಲಿ ಇರಲಿ.

ಖಾಲಿ ಮಳಿಗೆಗಳ ಬಗ್ಗೆ ಬಹಳ ಹೇಳುವುದಿತ್ತು, ಸಮಯ ಇಲ್ಲ. ಮಾಲೀಕರಿಗೆ ಇಷ್ಟು ಮಾತ್ರ: ಹಳೇ ಬಾಡಿಗೆಯೇ ಬೇಕು ಎಂದು ವರ್ಷಗಟ್ಟಲೆ ಬೀಗ ಹಾಕಿಡಬೇಡಿ. ಆರು ತಿಂಗಳು ಖಾಲಿ ಬಿಟ್ಟರೆ ವರ್ಷದ ಅರ್ಧ ಬಾಡಿಗೆ ಹೋಯಿತು. ಮೊದಲ ದಿನವೇ ನಾಲ್ಕನೇ ಒಂದು ಭಾಗ ಇಳಿಸಿ ಕೊಟ್ಟಿದ್ದರೆ ಅಷ್ಟು ಕಳೆದುಕೊಳ್ಳಲು ಎರಡು ವರ್ಷ ಬೇಕಾಗುತ್ತಿತ್ತು. ಹೊಸಬರಿಗೆ ಮೂರು ತಿಂಗಳ ಕರಾರಿಗೆ ಕೊಡಿ, ಮುಂಗಡ ಒಂದು ತಿಂಗಳದ್ದು ಸಾಕು, ವ್ಯಾಪಾರ ಕುದುರಿದರೆ ಮುಂದುವರಿಸಿ.

ನಮಸ್ಕಾರ.